ಪಿಟಿಆರ್ ಹಾಕಿದರೂ ಮೇಲ್ ವಾಪಸ್ ಬರುವುದೇಕೆ?

ಪ್ರಶ್ನೆ: ಬಾಡಿಗೆಯ ವಿಪಿಎಸ್‌ನಲ್ಲಿ ಪೋಸ್ಟ್‌ಫಿಕ್ಸ್ ಮೇಲ್ ಸರ್ವರ್ ಹಾಕಿದ್ದೇನೆ. ಜಿಮೇಲ್‌ಗೆ ಕಳಿಸಿದ ಮೇಲ್ 550-5.7.25 ಎಂಬ ಎರರ್ ಜೊತೆ ಬೌನ್ಸ್ ಆಯಿತು. ತಕ್ಷಣ ಹೋಸ್ಟಿಂಗ್ ಪ್ಯಾನೆಲ್‌ನಲ್ಲಿ ರಿವರ್ಸ್ ಡಿಎನ್ಎಸ್, ಅಂದರೆ ಐಪಿ ವಿಳಾಸಕ್ಕೆ ಹೆಸರು ಹೇಳುವ ಪಿಟಿಆರ್ ರೆಕಾರ್ಡ್, ಹಾಕಿದೆ. ಎರಡು ಗಂಟೆ ಕಳೆದರೂ ಹೊಸ ಹೆಸರು ಕಾಣುತ್ತಿಲ್ಲ. ನನ್ನ ಲ್ಯಾಪ್‌ಟಾಪ್‌ನ ಕ್ಯಾಶ್ (ಹಿಂದಿನ ಉತ್ತರಗಳ ತಾತ್ಕಾಲಿಕ ಸಂಗ್ರಹ) ಕೂಡ ಅಳಿಸಿದೆ. ಎಲ್ಲಿ ತಪ್ಪಿದೆ?

ಉತ್ತರ: ನೀವು ಎಲ್ಲೂ ತಪ್ಪದೆಯೂ ಹೀಗಾಗಬಹುದು. ಮೊದಲ ಮೇಲ್ ಹೋದಾಗಲೇ ಆ ಕಡೆಯ ರಿಸಾಲ್ವರ್ (ಡಿಎನ್ಎಸ್ ಉತ್ತರ ಹುಡುಕಿಕೊಡುವ ಸರ್ವರ್) ನಿಮ್ಮ ಐಪಿಗೆ ಹೆಸರಿದೆಯೇ ಎಂದು ಕೇಳಿ, 'ಇಲ್ಲ' ಎಂಬ ಉತ್ತರ ಪಡೆದಿದೆ. ಆ 'ಇಲ್ಲ'ವೂ ಕ್ಯಾಶ್‌ನಲ್ಲಿ ಕೂರುತ್ತದೆ. ನೆಗೆಟಿವ್ ಕ್ಯಾಶಿಂಗ್ ಎನ್ನುವ ಇದರ ನಿಯಮ 1998ರ ಆರ್‌ಎಫ್‌ಸಿ 2308ರಲ್ಲಿದೆ: ರಿವರ್ಸ್ ಝೋನ್‌ನ (ಐಪಿಗಳ ಹೆಸರುಗಳಿರುವ ಡಿಎನ್ಎಸ್ ಭಾಗ) ಮುಖ್ಯ ಮಾಹಿತಿ ಇರುವ ಎಸ್‌ಒಎ ರೆಕಾರ್ಡ್‌ನ ಟಿಟಿಎಲ್ (ಕ್ಯಾಶ್‌ನಲ್ಲಿ ಇಡಬಹುದಾದ ಅವಧಿ) ಮತ್ತು ಆ ರೆಕಾರ್ಡ್‌ನೊಳಗಿನ ಕೊನೆಯ ಸಂಖ್ಯೆ, ಎರಡರಲ್ಲಿ ಯಾವುದು ಚಿಕ್ಕದೋ ಅಷ್ಟು ಸೆಕೆಂಡು. ಆ ಝೋನ್ ಹೋಸ್ಟಿಂಗ್ ಕಂಪನಿಯದು, ಅಂಕಿಯೂ ಅವರದೇ. ಅವರು 86400 ಇಟ್ಟಿದ್ದರೆ ಲೆಕ್ಕಕ್ಕೆ ಪೂರ್ತಿ ಒಂದು ದಿನ. ಆದರೆ ರಿಸಾಲ್ವರ್ ಸಾಫ್ಟ್‌ವೇರ್‌ಗಳಲ್ಲಿ ಬೈಂಡ್ ಇಂಥ ಉತ್ತರವನ್ನು ಡೀಫಾಲ್ಟ್ ಆಗಿ 3 ಗಂಟೆಗೆ, ಅನ್‌ಬೌಂಡ್ 1 ಗಂಟೆಗೆ ಕತ್ತರಿಸುತ್ತವೆ. ಒಂದು ಕಡೆ ಕಂಡದ್ದು ಇನ್ನೊಂದು ಕಡೆ ಕಾಣದಿರುವುದು ಇದರಿಂದಲೇ.

ಐಪಿಗೆ ಕಂಪನಿಯೇ ಮೊದಲು ಕೊಟ್ಟಿದ್ದ ಯಾವುದೋ ಹೆಸರಿದ್ದರೆ ಲೆಕ್ಕ ಬೇರೆ: ಹಳೆಯ ಪಿಟಿಆರ್‌ನ ಟಿಟಿಎಲ್ ಮುಗಿಯುವವರೆಗೂ ಹಳೆಯ ಹೆಸರೇ. ಹೊಸದಕ್ಕೆ 300 ಸೆಕೆಂಡಿನ ಟಿಟಿಎಲ್ ಇಟ್ಟರೂ ಆ ಕಾಯುವಿಕೆ ತಪ್ಪದು.

ಲ್ಯಾಪ್‌ಟಾಪ್ ಕ್ಯಾಶ್ ಅಳಿಸಿದರೆ ನಿಮ್ಮ ಲ್ಯಾಪ್‌ಟಾಪ್ ಮರೆಯುತ್ತದೆ, ಅಷ್ಟೇ. ಬದಲಿಗೆ ಡಿಎನ್ಎಸ್ ವಿಚಾರಿಸುವ ಡಿಗ್ (dig) ಕಮಾಂಡಿಗೆ 'ಟ್ರೇಸ್' (+trace) ಮತ್ತು 'ಎಕ್ಸ್' (-x) ಆಯ್ಕೆ ಕೊಟ್ಟು ಐಪಿ ಬರೆಯಿರಿ. ಅದು ಕ್ಯಾಶ್ ದಾಟಿ ಮೂಲ ನೇಮ್‌ಸರ್ವರ್‌ವರೆಗೂ ಹೋಗುತ್ತದೆ. ಅಲ್ಲಿ ಹೊಸ ಹೆಸರು ಬಂದರೆ ಕಾಯುವುದಷ್ಟೇ ಕೆಲಸ. ಎಷ್ಟು ಹೊತ್ತು ಎಂದು ತಿಳಿಯಲು ಟ್ರೇಸ್ ಬಿಟ್ಟು ನಿಮ್ಮ ರಿಸಾಲ್ವರನ್ನು ಕೇಳಿ. ಉತ್ತರದಲ್ಲಿ ಎಸ್‌ಒಎ ಸಾಲಿನ ಟಿಟಿಎಲ್ ಪ್ರತಿ ಸಲವೂ ಇಳಿಯುತ್ತಿರುತ್ತದೆ, ಅದೇ ಉಳಿದ ಸೆಕೆಂಡು. ಗೂಗಲ್ ಪಬ್ಲಿಕ್ ಡಿಎನ್ಎಸ್ ಮತ್ತು ಕ್ಲೌಡ್‌ಫ್ಲೇರ್‌ಗಳಲ್ಲಿ ಕ್ಯಾಶ್ ತೆಗೆಸುವ ಪುಟವಿದೆ. ಅಲ್ಲಿ ಪಿಟಿಆರ್ ಆರಿಸಿ, ಅಂಕಿಗಳನ್ನು ತಿರುಗಿಸಿದ ಪೂರ್ತಿ ಹೆಸರು ಕೊಡಬೇಕು: 203.0.113.25 ಎಂಬ ಐಪಿ 25.113.0.203 ಆಗಿ, ಕೊನೆಗೆ '.in-addr.arpa' ಸೇರುತ್ತದೆ. ಮೇಲ್ ಪಡೆಯುವವರ ರಿಸಾಲ್ವರ್ ಮಾತ್ರ ನಿಮ್ಮ ಕೈಯಲ್ಲಿಲ್ಲ.

ಟ್ರೇಸ್‌ನಲ್ಲೂ ಬರದಿದ್ದರೆ ಕ್ಯಾಶ್ ಮೇಲೆ ಗೂಬೆ ಕೂರಿಸಬೇಡಿ. ಬಹಳ ಮಂದಿ ಡೊಮೇನ್ ಕೊಂಡ ಕಡೆಯ ಪ್ಯಾನೆಲ್‌ನಲ್ಲಿ ಪಿಟಿಆರ್ ಬರೆದು ಕೂರುತ್ತಾರೆ. ರಿವರ್ಸ್ ಝೋನ್ ಹೋಸ್ಟಿಂಗ್ ಕಂಪನಿಯದಾದ್ದರಿಂದ ಅದನ್ನು ಯಾರೂ ಓದುವುದಿಲ್ಲ.

ಪ್ರಶ್ನೆ: ಪಿಟಿಆರ್ ಈಗ ಸರಿಯಾಗಿ ಕಾಣುತ್ತಿದೆ. ಆದರೂ ಅದೇ ಎರರ್.

ಉತ್ತರ: ಪಿಟಿಆರ್ ತೋರಿಸುವ ಹೆಸರಿನ ಎ ರೆಕಾರ್ಡ್ (ಹೆಸರಿಗೆ ಐಪಿ ಹೇಳುವ ದಾಖಲೆ) ಮತ್ತೆ ಅದೇ ಐಪಿಗೆ ಬರಬೇಕು. ಅದಕ್ಕೂ ಬೇರೆ ಕ್ಯಾಶ್ ಇದೆ. ಹಾಗಾಗಿ ಮೊದಲು ಎ ರೆಕಾರ್ಡ್, ಆಮೇಲೆ ಪಿಟಿಆರ್, ಕೊನೆಗೆ ಪರೀಕ್ಷೆಯ ಮೇಲ್. ಎರಡನೆಯ ಸಂಶಯ ಐಪಿವಿ6: ಸರ್ವರ್ ಆ ದಾರಿಯಲ್ಲಿ ಕಳಿಸುತ್ತಿದ್ದರೆ ಆ ವಿಳಾಸಕ್ಕೂ ಪಿಟಿಆರ್ ಬೇಕು, ಅಲ್ಲಿಯವರೆಗೆ ಪೋಸ್ಟ್‌ಫಿಕ್ಸನ್ನು ಐಪಿವಿ4ಕ್ಕೆ ಸೀಮಿತಗೊಳಿಸಿ. 550 ಶಾಶ್ವತ ನಿರಾಕರಣೆಯಾದ್ದರಿಂದ ಹಿಂದೆ ಬೌನ್ಸ್ ಆದ ಮೇಲ್ ತಾನಾಗಿ ಮತ್ತೆ ಹೋಗುವುದಿಲ್ಲ, ನೀವೇ ಕಳಿಸಬೇಕು.