ಓದುಗರ ಪ್ರಶ್ನೆ: ಒಂದೇ ಮನೆಗೆ ಎರಡು ಬಗೆಯ ಕಿಟಕಿ ಏಕೆ?

ಪ್ರಶ್ನೆ: ಇಂಗ್ಲೆಂಡಿನ ಬಾತ್‌ನಲ್ಲಿ ಜಾರ್ಜಿಯನ್ ಕಾಲದ (ಹದಿನೆಂಟನೇ ಶತಮಾನದ ಆಸುಪಾಸಿನ) ಮನೆಯೊಂದರ ಮೊದಲ ಮಹಡಿಯಲ್ಲಿ ಬಾಡಿಗೆಗಿದ್ದೇವೆ. ನಮ್ಮ ಕಿಟಕಿಗೆ ಮೇಲೊಂದು, ಕೆಳಗೊಂದು ದೊಡ್ಡ ಗಾಜು; ಹೆಚ್ಚುಕಡಿಮೆ ನೆಲದವರೆಗೂ ಇಳಿದಿದೆ. ಮೇಲಿನ ಮಹಡಿಯದಕ್ಕೆ ಹನ್ನೆರಡು ಸಣ್ಣ ಗಾಜು. ಪಕ್ಕದ ಗೋಡೆಯಲ್ಲೊಂದು ಕಿಟಕಿಯನ್ನು ಕಲ್ಲಿಟ್ಟು ಮುಚ್ಚಿದ್ದಾರೆ. ಮೂಲದ್ದು ಯಾವುದು? ನಮ್ಮ ಕಿಟಕಿ ಎತ್ತಿದರೆ ನಿಲ್ಲದೆ ದಡಕ್ಕನೆ ಬೀಳುತ್ತದೆ, ಏನು ಮಾಡುವುದು?
— ಒಬ್ಬ ಓದುಗರು, ಬಾತ್

ಉತ್ತರ: ಮೂಲ ವಿನ್ಯಾಸ ಮೇಲಿನ ಮಹಡಿಯದು. ಆಗ ಊದಿ, ತಿರುಗಿಸಿ ಹರಡಿದ ಗಾಜಿನ ತಟ್ಟೆಯಿಂದ ಸಣ್ಣ ಚೌಕಗಳನ್ನು ಕತ್ತರಿಸಿ ಮರದ ಪಟ್ಟಿಗಳ ನಡುವೆ ಕೂರಿಸುತ್ತಿದ್ದರು. ಹೊರಗೆ ಓರೆಯಾಗಿ ನಿಂತು ನೋಡಿ: ಪ್ರತಿಬಿಂಬ ಅಲೆಅಲೆಯಾಗಿದ್ದರೆ ಹಳೆಯ ಗಾಜು, ಕನ್ನಡಿಯಂತೆ ನೇರವಾಗಿದ್ದರೆ ಈಚಿನದು.

1845ರಲ್ಲಿ ಗಾಜಿನ ಮೇಲಿನ ತೆರಿಗೆ ರದ್ದಾಯಿತು, ದೊಡ್ಡ ಗಾಜು ಕೈಗೆಟುಕಿತು, ವಿಕ್ಟೋರಿಯಾ ಕಾಲದವರು ಪಟ್ಟಿಗಳನ್ನು ಕಿತ್ತರು. ಆ ಭಾರಕ್ಕೆ ಮೂಲೆಯ ಕೀಲು ಸಡಿಲವಾಗುತ್ತದೆಂದು ಮೇಲಿನ ಚೌಕಟ್ಟಿನ ಕೆಳತುದಿಗಳನ್ನು ಕೊಂಬಿನಂತೆ ಚಾಚಿಸಿದರು. ನಿಮ್ಮದರಲ್ಲಿ ಈ ಕೊಂಬಿದ್ದರೆ ಗಾಜಷ್ಟೇ ಅಲ್ಲ, ಚೌಕಟ್ಟೂ ಬದಲಾಗಿದೆ. ಕಿಟಕಿಯ ತಳವನ್ನು ಕೆಳಕ್ಕೆ ಕೊರೆಯುವುದೂ ಅದೇ ಶತಮಾನದ ಗೀಳು. ವಾಸ್ತುಶಿಲ್ಪಿ ಕಿರಿಯ ಜಾನ್ ವುಡ್ 1767ರಲ್ಲಿ ಶುರುಮಾಡಿದ, ನಿಮ್ಮೂರಿನ ಅರ್ಧಚಂದ್ರಾಕಾರದ ಮನೆಸಾಲು ರಾಯಲ್ ಕ್ರೆಸೆಂಟ್ ಕೂಡ ಇದರಿಂದ ತಪ್ಪಿಸಿಕೊಳ್ಳಲಿಲ್ಲ. ಗೋಡೆಯುದ್ದಕ್ಕೂ ಹರಿದ ಕಲ್ಲಿನ ಪಟ್ಟಿ ಕಿಟಕಿಯ ಬಳಿ ತುಂಡಾಗಿದ್ದರೆ ಕೊರೆದದ್ದು ಖಚಿತ.

ಮುಚ್ಚಿದ ಕಿಟಕಿಗೆಲ್ಲ 1696ರಿಂದ 1851ರವರೆಗಿದ್ದ ಕಿಟಕಿ ತೆರಿಗೆಯೇ (ಮನೆಯ ಕಿಟಕಿಗಳ ಎಣಿಕೆಗೆ ತಕ್ಕ ತೆರಿಗೆ) ಕಾರಣವೆಂಬುದು ಗೈಡ್‌ಗಳ ಮಾತು; ಎಲ್ಲಕ್ಕೂ ಅದು ನಿಜವಲ್ಲ. ಮುಚ್ಚಿದ ಕಲ್ಲು ಸುತ್ತಲಿನ ಕಲ್ಲಿನದೇ ಆಗಿ, ಸಾಲಿಗೆ ಸಾಲು ಕೂಡಿದ್ದರೆ ಅದು ಕಟ್ಟುವಾಗಲೇ ಅಂದಕ್ಕೆಂದು ಇಟ್ಟ ಹುಸಿ ಕಿಟಕಿ. ಬೇರೆ ಕಲ್ಲು, ಅಂಚಿನಲ್ಲಿ ನೆಟ್ಟನೆಯ ಸಂದು ಕಂಡರೆ ಆಮೇಲೆ ಮುಚ್ಚಿದ್ದು.

ಮೇಲೆ ಕೆಳಗೆ ಜಾರುವ ಇಂಥ ಕಿಟಕಿಯ ಚೌಕಟ್ಟನ್ನು, ಪಕ್ಕದ ಮರದ ಪೆಟ್ಟಿಗೆಯೊಳಗೆ ಹಗ್ಗದಲ್ಲಿ ತೂಗುವ ಗುಂಡುಗಳ ಭಾರ ಹಿಡಿದು ನಿಲ್ಲಿಸುತ್ತದೆ; ಬೀಳುವ ಕಿಟಕಿಯಲ್ಲಿ ಸಾಮಾನ್ಯವಾಗಿ ಆ ಹಗ್ಗ ಹರಿದಿರುತ್ತದೆ. ಒಳಗಿನ ಅಂಚುಪಟ್ಟಿ ಬಿಚ್ಚಿ ಕೆಳಚೌಕಟ್ಟನ್ನು ಹೊರತೆಗೆಯಬೇಕು. ಪಕ್ಕದ ಮರದ ಬುಡದಲ್ಲಿ ಸಣ್ಣ ಮುಚ್ಚಳವಿದೆ, ತೂಕದ ಗುಂಡು ಅದರೊಳಗೆ. ಎರಡೂ ಬದಿಯ ಹಗ್ಗ ಒಟ್ಟಿಗೇ ಬದಲಿಸಿ. ಒಂದನ್ನೇ ಬದಲಿಸಿದರೆ ಇನ್ನೊಂದು ಬೇಗ ಕೈಕೊಡುತ್ತದೆ. ಹಗ್ಗ ಸರಿಯಿದ್ದೂ ಬಿದ್ದರೆ ಗಾಜಿನ ಭಾರಕ್ಕೆ ಹಳೆಯ ಗುಂಡು ಸಾಲದು. ಕೆಳಚೌಕಟ್ಟಿಗೆ ಎರಡು ಗುಂಡುಗಳ ಒಟ್ಟು ತೂಕ ಚೌಕಟ್ಟಿಗಿಂತ ತುಸು ಕಡಿಮೆ, ಮೇಲಿನದಕ್ಕೆ ತುಸು ಹೆಚ್ಚು ಇರಬೇಕು. ಪೆಟ್ಟಿಗೆಯಲ್ಲಿ ಜಾಗ ಕಡಿಮೆಯಾದ್ದರಿಂದ ಕಬ್ಬಿಣದ ಬದಲು ಸೀಸದ ಗುಂಡು ಹಾಕುತ್ತಾರೆ. ಹಳೆಯ ಬಣ್ಣದಲ್ಲಿ ಸೀಸವಿರಬಹುದು, ಒಣಗಿದ್ದಾಗ ಉಜ್ಜಬೇಡಿ.

ಹಗ್ಗಕ್ಕೆ ಮನೆಯೊಡೆಯರ ಒಪ್ಪಿಗೆ ಸಾಕು. ಸಂರಕ್ಷಿತ ಪಟ್ಟಿಯ ಮನೆಯಾದರೆ ಚೌಕಟ್ಟು ಬದಲಿಸಲು ಕೌನ್ಸಿಲ್ ಅನುಮತಿ ಬೇಕು. ಅದಿಲ್ಲದೆ ಮಾಡಿದರೆ ಕ್ರಿಮಿನಲ್ ಅಪರಾಧ.