ಟೈಲ್ಸ್ ಕೆಲಸಕ್ಕೆ ಬೈಕ್ ರೈಡಿಂಗ್ ಮಂಡಿ ಪ್ಯಾಡ್ ಬೇಡ

ಅಣ್ಣಾ, ಟೈಲ್ಸ್ ಕೆಲಸದ ಈ ಗುಂಪಿಗೆ ನೀವು ಹಾಕಿದ ಫೋಟೋ ನೋಡಿ ಸುಮ್ಮನೆ ಮುಂದೆ ಹೋಗೋಕೆ ಆಗಲಿಲ್ಲ. ಹಾಲ್‌ಗೂ ಎರಡು ರೂಮಿಗೂ 2×4 ಅಡಿಯ ಪಿಜಿವಿಟಿ (ಹೊಳಪಿನ ಗ್ಲೇಜ್ ಇರೋ ವಿಟ್ರಿಫೈಡ್) ಟೈಲ್ಸ್, ಮಂಡಿಗೆ ಕೆಂಪು-ಕಪ್ಪು ಗಟ್ಟಿ ಬಟ್ಟಲಿನ ಪ್ಯಾಡ್, ಕೆಳಗೆ "ಒಳಗೆ ಜೆಲ್ ಇದೆ, ದಪ್ಪನೂ ಇದೆ, ಸಾಕಲ್ವಾ? ಇಲ್ಲಾಂದ್ರೆ ಯಾವ ಬ್ರ್ಯಾಂಡ್ ತಗೊಳ್ಳಲಿ?" ಅಂತ ಪ್ರಶ್ನೆ. ಸಾಕಾಗಲ್ಲ. ಅದು ಬೈಕ್ ರೈಡಿಂಗ್ ಪ್ಯಾಡ್. ಬಿದ್ದಾಗ ಒಂದು ಪೆಟ್ಟು ತಡೆದು ರಸ್ತೆ ಮೇಲೆ ಜಾರಿಕೊಂಡು ಹೋಗಲಿ ಅಂತಲೇ ಅದನ್ನ ಮಾಡಿರೋದು. ನಿಮಗೆ ಬೇಕಿರೋದು ಗಂಟೆಗಟ್ಟಲೆ ಭಾರ ಹೊರೋದು, ಜಾರದೆ ನಿಲ್ಲೋದು. ಈ ಗುಂಪಿನಲ್ಲಿ ತಿಂಗಳಿಗೊಬ್ಬರು ಇದೇ ಪ್ಯಾಡ್ ಹಾಕ್ಕೊಂಡು ಫೋಟೋ ಹಾಕ್ತಾರೆ, ಕೆಳಗೆ ಹತ್ತು ಜನ "ಸೂಪರ್" ಅಂತಾರೆ. ಅದಕ್ಕೇ ಇಷ್ಟುದ್ದ ಬರೀತಿದೀನಿ.

ಮೊದಲು ಬಟ್ಟಲಿನ ವಿಷಯ. ಅದರ ಮುಖ ಉಬ್ಬಾಗಿರೋದರಿಂದ ನೆಲಕ್ಕೆ ತಾಗೋದು ಒಂದೇ ಒಂದು ಬಿಂದು. ಮಂಡಿ ಅದರ ಮೇಲೆ ಆ ಕಡೆ ಈ ಕಡೆ ಉರುಳ್ತಾನೇ ಇರುತ್ತೆ, ಅದನ್ನ ಹಿಡಿದು ನಿಲ್ಲಿಸೋಕೆ ತೊಡೆ, ಸೊಂಟ ಇಡೀ ದಿನ ಬಿಗಿ ಹಿಡಿದಿರಬೇಕು. ಸಂಜೆಗೆ ಸೊಂಟ ನೋಯೋಕೆ ಇದೂ ಒಂದು ಕಾರಣ ಆಗಬಹುದು. ಎರಡನೇದು, ಒಂದು 2×4 ಟೈಲ್ 9 ಎಂಎಂ ದಪ್ಪದ್ದು ಅಂದ್ರೂ ಹದಿನೈದು ಕೆಜಿ ಹತ್ತಿರ ಬರುತ್ತೆ. ಅದನ್ನ ಮುಂದಕ್ಕೆ ಚಾಚಿ ಕೂರಿಸುವಾಗ ಮಂಡಿ ಒಂದಿಂಚು ಜಾರಿದರೆ ಟೈಲ್‌ನ ಮೂಲೆ ಪಕ್ಕದ ಟೈಲ್‌ಗೆ ಬಡಿದು ಚಿಪ್ ಏಳುತ್ತೆ. ಮೂರನೇದು, ಗಟ್ಟಿ ಪ್ಲಾಸ್ಟಿಕ್ ಕೆಳಗೆ ಮರಳಿನ ಕಾಳು ಸಿಕ್ಕಿಕೊಂಡರೆ ಪಿಜಿವಿಟಿ ಹೊಳಪಿನ ಮೇಲೆ ಗೀರು ಖಂಡಿತ. ಮರಳಲ್ಲಿರೋ ಸ್ಫಟಿಕ ಆ ಗ್ಲೇಜ್‌ಗಿಂತ ಗಟ್ಟಿ. ಟೈಲ್ ಸಂದಿಗೆ ಗ್ರೌಟ್ ತುಂಬೋ ದಿನ ಬೆಳಕು ಅಡ್ಡ ಬಿದ್ದಾಗಲೇ ಆ ಗೀರೆಲ್ಲ ಕಾಣೋದು, ಆಗ ಏನೂ ಮಾಡೋಕಾಗಲ್ಲ. ಹೊಸದಾಗಿ ಕೂರಿಸಿದ ಟೈಲ್‌ನ ಮೂಲೆ ಮೇಲೆ ಆ ಬಟ್ಟಲು ಊರಿದರಂತೂ ಭಾರವೆಲ್ಲ ಒಂದೇ ಕಡೆ ಬಿದ್ದು ಮೂಲೆ ತಗ್ಗುತ್ತೆ, ಮಾರನೇ ದಿನ ಅಂಚು ಕಾಲಿಗೆ ತಾಗುತ್ತೆ.

ಈಗ ಮುಖ್ಯ ವಿಷಯ. ಎಲ್ಲರೂ ಮಂಡಿ ಚಿಪ್ಪಿಗೆ ಪ್ಯಾಡ್ ನೋಡ್ತಾರೆ. ಕೂತ್ಕೊಂಡು ಮಂಡಿ ಮಡಚಿ ಬೆರಳಿಟ್ಟು ನೋಡಿ: ಚಿಪ್ಪು ಮುಗಿದ ಮೇಲೆ ಒಂದು ಪಟ್ಟಿಯಂಥ ಸ್ನಾಯುರಜ್ಜು (ಟೆಂಡನ್), ಅದರ ಕೆಳಗೆ ಕಣಕಾಲ ಮೂಳೆ ಮೇಲೆ ಒಂದು ಗಟ್ಟಿ ಗುಬ್ಬು ಸಿಗುತ್ತೆ. ನೆಟ್ಟಗೆ ಮಂಡಿಯೂರಿದಾಗ ಭಾರ ಜಾಸ್ತಿ ಬೀಳೋದು ಆ ಪಟ್ಟಿ ಮತ್ತು ಗುಬ್ಬಿನ ಮೇಲೆ. ಕರಣೆ ಹಿಡಿದು ಮುಂದಕ್ಕೆ ಬಾಗಿದಾಗ ಮಾತ್ರ ಅದು ಮೇಲಕ್ಕೆ ಸರಿದು ಚಿಪ್ಪಿಗೆ ಬರುತ್ತೆ. ಅಮೆರಿಕದಲ್ಲಿ ತಗ್ಗು ಛಾವಣಿಯ ಕಲ್ಲಿದ್ದಲು ಗಣಿಗಳಲ್ಲಿ ಮಂಡಿಯೂರಿ ಕೆಲಸ ಮಾಡೋರ ಮಂಡಿ ಮೇಲಿನ ಒತ್ತಡವನ್ನ ಅಲ್ಲಿನ ಸರ್ಕಾರಿ ಕಾರ್ಮಿಕ-ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಒಎಸ್‌ಎಚ್‌ನೋರು ಅಳೆದಾಗಲೂ ಇದೇ ಜಾಗ ತೋರಿಸ್ತು. ಅಂದ್ರೆ ಪ್ಯಾಡ್‌ನ ದಪ್ಪಕ್ಕಿಂತ ಅದು ಗುಬ್ಬು ದಾಟಿ ಎಷ್ಟು ಕೆಳಗೆ ಇಳಿದಿದೆ ಅನ್ನೋದು ಮುಖ್ಯ. ಗುಬ್ಬಿನಿಂದ ಕೆಳಗೆ ಕನಿಷ್ಠ ನಾಲ್ಕು ಬೆರಳು ಮೆತ್ತೆ ಇರಲಿ. ಒಳಗಿನ ಮೆತ್ತೆಯ ಉದ್ದ 20 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಎಷ್ಟೇ ಮೆತ್ತಗಿದ್ದರೂ ಬೇಡ. ನಿಮ್ಮ ಫೋಟೋದಲ್ಲಿ ಮೆತ್ತೆ ಚಿಪ್ಪಿಗೇ ಮುಗಿದಿದೆ, ಕೆಳಗೆ ಇರೋದು ಬರೀ ಪ್ಲಾಸ್ಟಿಕ್ ನಾಲಿಗೆ.

ಅಂಗಡಿಯಲ್ಲಿ ಹೆಬ್ಬೆರಳಲ್ಲಿ ಒತ್ತಿ ನೋಡಿ ತಗೊಳ್ಳೋದು ಬಿಡಿ. ಹೆಬ್ಬೆರಳಿಗೆ ಹಿತ ಅನ್ನಿಸೋ ಫೋಮ್ ದೇಹದ ಭಾರಕ್ಕೆ ಪಾತಾಳ ಸೇರುತ್ತೆ. ಪ್ಯಾಡ್ ಕಟ್ಟಿಕೊಂಡು ಅಲ್ಲೇ ನೆಲದ ಮೇಲೆ ಮಂಡಿಯೂರಿ, ಎರಡು ನಿಮಿಷ ಹಾಗೇ ಇರಿ, ಮುಂದಕ್ಕೆ ಬಾಗಿ, ಒಂದು ಕಾಲಿಗೆ ಭಾರ ಹಾಕಿ. ಆಮೇಲೆ ಒಂದು ಬೇಬಿ ಜಲ್ಲಿ ಕಲ್ಲು ಇಟ್ಟು ಅದರ ಮೇಲೆ ಊರಿ. ಕಲ್ಲು ಎಲ್ಲಿದೆ ಅಂತ ಮಂಡಿಗೆ ಗೊತ್ತಾದರೆ ಆ ಪ್ಯಾಡ್ ವಾಪಸ್. ಅಂಗಡಿಯವನು ಮುಖ ಸಿಂಡರಿಸಿದರೆ ಸಿಂಡರಿಸಲಿ. ಬೆಂಗಳೂರಿನ ಎಸ್‌ಜೆಪಿ ರೋಡ್‌ನಂಥ ಕಡೆ ಹತ್ತು ಅಂಗಡಿ ಇವೆ, ಪಕ್ಕದ್ದಕ್ಕೆ ಹೋಗಿ.

ಮಂಡಿ ಪ್ಯಾಡ್‌ಗಳ ಯುರೋಪಿನ ಸುರಕ್ಷತಾ ಮಾನದಂಡ ಇಎನ್ 14404ರ ಗುರುತು ಇರೋ ಪ್ಯಾಡ್ ಸಿಕ್ಕಿದರೆ ಒಳ್ಳೇದು, ಆದ್ರೆ ಗುರುತು ಇದೆ ಅಂತ ಕಣ್ಣು ಮುಚ್ಚಿ ತಗೊಳ್ಳಬೇಡಿ, ಒಳಗಿನ ಅಂಕಿ ನೋಡಿ. ಟೈಪ್ 1 ಅಂದ್ರೆ ಕಾಲಿಗೆ ಕಟ್ಟೋದು, ಟೈಪ್ 2 ಪ್ಯಾಂಟಿನ ಜೇಬಿಗೆ ತೂರಿಸೋದು, ಟೈಪ್ 3 ನೆಲಕ್ಕೆ ಹಾಕೋ ಮೆತ್ತೆ. ಲೆವೆಲ್ 0 ಅಂದ್ರೆ ಸಮತಟ್ಟು ನೆಲಕ್ಕೆ ಮಾತ್ರ, ಚುಚ್ಚೋದನ್ನ ತಡೆಯೋ ಖಾತ್ರಿ ಇಲ್ಲ. ಲೆವೆಲ್ 1 ಸುಮಾರು ಹತ್ತು ಕೆಜಿ ಚುಚ್ಚುವ ಒತ್ತಡ ತಡೆಯುತ್ತೆ, ಲೆವೆಲ್ 2 ಇಪ್ಪತ್ತೈದು ಕೆಜಿ. ನಮ್ಮ ಸೈಟ್‌ಗಳಲ್ಲಿ ಕಾಂಕ್ರೀಟ್ ಮೇಲೆ ಒಣಗಿದ ಸಿಮೆಂಟ್ ಮಾಲು, ಟೈಲ್ ಚೂರು, ಬೈಂಡಿಂಗ್ ವೈರ್ ತುಂಡು ಎಲ್ಲ ಬಿದ್ದಿರುತ್ತೆ, ಹಾಗಾಗಿ 1ಕ್ಕಿಂತ ಕಡಿಮೆ ಬೇಡ.

ನನ್ನ ಮಾತು ಕೇಳಿದರೆ ಟೈಲ್ಸ್‌ಗೆ ಚಪ್ಪಟೆ ಮುಖದ, ಮೆತ್ತನೆ ರಬ್ಬರ್ ಹೊದಿಕೆಯ ಪ್ಯಾಡೇ ಸರಿ. ಒಳಗೆ ಎರಡು ಪದರ ಇರಬೇಕು: ನೆಲದ ಕಡೆ ಗಟ್ಟಿ ಇವಿಎ (ಚಪ್ಪಲಿ ಅಟ್ಟೆಯಂಥ ಫೋಮ್), ಮಂಡಿ ಕಡೆ ಮೆದು ಫೋಮ್. ಬರೀ ಮೆದು ಇದ್ದರೆ ತಳ ಸೇರುತ್ತೆ, ಬರೀ ಗಟ್ಟಿ ಇದ್ದರೆ ಅರ್ಧ ಗಂಟೆಗೇ ನೋವು. ಜೆಲ್ ಅನ್ನೋದು ಬರೀ ಹೆಸರಿಗಲ್ಲ, ಒತ್ತಡ ಹರಡುತ್ತೆ ನಿಜ, ಆದ್ರೆ ತೆಳು ಜೆಲ್ ಪಕ್ಕಕ್ಕೆ ಸರಿದು ಮೂಳೆ ಇರೋ ಜಾಗದಲ್ಲೇ ಖಾಲಿಯಾಗುತ್ತೆ. ಅದರ ಹಿಂದೆ ಒಳ್ಳೇ ಫೋಮ್ ಇದ್ದರೆ ಮಾತ್ರ ಕೆಲಸ. ಫೋಮ್ ನೀರು ಕುಡಿಯದ ಜಾತಿಯದೇ ಆಗಿರಲಿ. ಸ್ಪಂಜ್ ಥರದ್ದು ಸ್ಲರಿ (ಸಿಮೆಂಟ್ ಕದಡಿದ) ನೀರು ಹೀರಿ ಚರ್ಮಕ್ಕೆ ಅಂಟಿಸಿ ಇಡುತ್ತೆ, ಅದರ ಅಪಾಯ ಕೆಳಗೆ ಹೇಳ್ತೀನಿ. ಬಿಳಿ ಮಾರ್ಬಲ್ ಕೆಲಸ ಇದ್ದರೆ ಕಪ್ಪು ರಬ್ಬರ್ ಬೇಡ, ಗೆರೆ ಬಿಡೋದುಂಟು. ತಿಳಿ ಬಣ್ಣದ್ದು ತಗೊಳ್ಳಿ.

ಬ್ರ್ಯಾಂಡ್ ಕೇಳಿದ್ರಲ್ಲ. ನಿವಿಯಾ, ಕಾಸ್ಕೊ ವಾಲಿಬಾಲ್ ಪ್ಯಾಡ್ ಆಟಕ್ಕೆ, ನೆಲಕ್ಕಲ್ಲ. ಮೆಡಿಕಲ್ ಶಾಪ್‌ನ ನೀ ಕ್ಯಾಪ್ ಅಂತೂ ಮಂಡಿಗೆ ಬಿಗಿ ಕೊಡೋಕೆ ಇರೋದು, ಅದರಲ್ಲಿ ಮೆತ್ತೆಯೇ ಇಲ್ಲ, ಅದನ್ನ ಹಾಕ್ಕೊಂಡು ಮಂಡಿಯೂರೋರನ್ನ ನೋಡಿದ್ರೆ ಸಂಕಟ ಆಗುತ್ತೆ. ಕೆಲಸಕ್ಕೆ ಅಂತಲೇ ಇರೋ ಪ್ಯಾಡ್‌ಗಳಲ್ಲಿ, ರೆಡ್‌ಬ್ಯಾಕ್ಸ್ ಬ್ರ್ಯಾಂಡ್‌ನಲ್ಲಿ ಫೋಮ್ ಬದಲು ಸ್ಪ್ರಿಂಗಿನಂತೆ ಬಾಗೋ ಪ್ಲಾಸ್ಟಿಕ್ ಎಲೆಗಳ ಜಾಲ ಇರೋದರಿಂದ ಬೇಗ ಚಪ್ಪಟೆ ಆಗಲ್ಲ. ಪ್ರೊನೀ ಅನ್ನೋದು ಭಾರವನ್ನ ಮಂಡಿಯಿಂದ ತೆಗೆದು ಕಣಕಾಲ ಮುಂಭಾಗಕ್ಕೆ ಹಂಚೋ ದೊಡ್ಡ ಸಾಧನ. ದಿನಾ ಇದೇ ಕಸುಬು ಮಾಡೋರಿಗೆ ಅದು ತಕ್ಕದ್ದು, ಆದ್ರೆ ಬೆಲೆ ಜಾಸ್ತಿ, ಕುಕ್ಕರಗಾಲಲ್ಲಿ ಕೂತು ಕೆಲಸ ಮಾಡೋ ನಮ್ಮ ಅಭ್ಯಾಸಕ್ಕೆ ಅಡ್ಡಿ. ಟಫ್‌ಬಿಲ್ಟ್‌ನ ಜೆಲ್ ಪ್ಯಾಡ್ ಮೆತ್ತೆ ಚೆನ್ನ, ಗಟ್ಟಿ ಚಿಪ್ಪಿನ ಮಾಡೆಲ್ ಬಿಟ್ಟು ತಗೊಳ್ಳಿ. ಮೂರು ರೂಮಿಗೆ ಮಾತ್ರ ಅಂದ್ರೆ ಮೇಲೆ ಹೇಳಿದ ಅಳತೆಗೆ ಬರೋ ಯಾವ ಹೆಸರಿಲ್ಲದ ಪ್ಯಾಡ್ ಆದ್ರೂ ಆಗುತ್ತೆ.

ಪಟ್ಟಿ ಕಟ್ಟೋದರಲ್ಲಿ ಎಲ್ಲರೂ ಎಡವ್ತಾರೆ. ನಿಂತು ಬಿಗಿ ಮಾಡ್ತಾರೆ, ಆಮೇಲೆ ಕುಕ್ಕರಗಾಲಲ್ಲಿ ಕೂತಾಗ ಮೀನಖಂಡ ಉಬ್ಬಿ ಪಟ್ಟಿ ಕಚ್ಚುತ್ತೆ. ಅರ್ಧ ಕೂತ ಭಂಗಿಯಲ್ಲಿ ಬಿಗಿ ಮಾಡಿ, ಎರಡು ಬೆರಳು ತೂರಬೇಕು. ಪಟ್ಟಿ ಎರಡಿರಲಿ, ಒಂದು ಮಂಡಿ ಮೇಲೆ, ಒಂದು ಮೀನಖಂಡದ ದಪ್ಪ ಭಾಗದ ಮೇಲೆ. ಮಂಡಿ ಹಿಂದಿನ ಗುಳಿಯಲ್ಲಿ ಪಟ್ಟಿ ಹಾಯಲೇಬಾರದು. ಮಂಡಿಯ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ ಒಂದು ಮೂಳೆ ಗುಂಡು ಕೈಗೆ ಸಿಗುತ್ತಲ್ಲ, ಅದರ ಕೆಳಗೇ ಪಾದ ಎತ್ತೋ ನರ ಚರ್ಮದ ಹತ್ತಿರ ಹಾಯುತ್ತೆ. ಅಲ್ಲಿ ಪಟ್ಟಿ ಒತ್ತಿದರೆ ಪಾದದ ಮೇಲ್ಭಾಗ ಜುಮ್ ಅನ್ನುತ್ತೆ. ಹಾಗೆ ಆದ ತಕ್ಷಣ ಬಿಚ್ಚಿ, ಪಟ್ಟಿ ಕೆಳಗೆ ಇಳಿಸಿ. "ಸ್ವಲ್ಪ ಹೊತ್ತಿಗೆ ಸರಿ ಹೋಗುತ್ತೆ" ಅಂತ ಮುಂದುವರಿಸಿದರೆ ಪಾದ ಎತ್ತೋಕೆ ಬರದ ಸ್ಥಿತಿಗೂ ಹೋಗಬಹುದು. ವೆಲ್ಕ್ರೋ ಸಿಮೆಂಟ್ ಧೂಳಿಗೆ ಬೇಗ ಸಾಯುತ್ತೆ, ಬಕಲ್ ಇರೋದು ಬಾಳುತ್ತೆ. ವೆಲ್ಕ್ರೋ ಇದ್ದರೆ ಹಳೇ ಹಲ್ಲುಜ್ಜೋ ಬ್ರಷ್‌ನಲ್ಲಿ ದಿನಾ ಉಜ್ಜಿ.

ಬರೀ ಚರ್ಮದ ಮೇಲೆ ಪ್ಯಾಡ್ ಕಟ್ಟಬೇಡಿ. ಲುಂಗಿ, ಬರ್ಮುಡಾ ಮೇಲೆ ಕೆಲಸ ಮಾಡೋರು ಹಳೇ ಟ್ರ್ಯಾಕ್ ಪ್ಯಾಂಟ್ ಆದ್ರೂ ಹಾಕ್ಕೊಳ್ಳಿ. ಹಸಿ ಸಿಮೆಂಟ್ ತುಂಬಾ ಕ್ಷಾರ, ಅದರ ಪಿಎಚ್ 12ರಿಂದ 13. ಸ್ಲರಿ ನೆನೆದ ಪ್ಯಾಡ್ ಅಥವಾ ಮಂಡಿ ಕೆಳಗೆ ಮಡಚಿ ಹಾಕ್ಕೊಂಡ ಗೋಣಿಚೀಲ ಅದನ್ನ ಚರ್ಮಕ್ಕೆ ಒತ್ತಿ ಹಿಡಿದಿರುತ್ತೆ. ಮೊದಲು ಉರಿಯಲ್ಲ, ಅದೇ ಮೋಸ. ಸಂಜೆ ನೋಡಿದರೆ ಚರ್ಮ ಸುಟ್ಟಿರುತ್ತೆ. ಗೋಣಿಚೀಲ ಸಾಕು ಅನ್ನೋ ಮೇಸ್ತ್ರಿಗಳಿಗೆ ಇದನ್ನ ಎಷ್ಟು ಸಲ ಹೇಳಿದರೂ ಕಿವಿಗೆ ಬೀಳಲ್ಲ. ಒದ್ದೆ ಆಗಿದೆ ಅಂತ ಗೊತ್ತಾದ ಕೂಡಲೇ ಪ್ಯಾಡ್, ಪ್ಯಾಂಟ್ ಎರಡೂ ಬಿಚ್ಚಿ ಹರಿಯೋ ನೀರಲ್ಲಿ ಇಪ್ಪತ್ತು ನಿಮಿಷ ತೊಳೀರಿ. ಒರೆಸಿದರೆ ಸಾಲದು.

ಪ್ಯಾಡ್ ಜೊತೆಗೆ ಒಂದು ಹಲಗೆ ಮಾಡಿಕೊಳ್ಳಿ, ಸ್ಕರ್ಟಿಂಗ್‌ಗೂ (ಗೋಡೆ ಬುಡದ ಟೈಲ್ ಪಟ್ಟಿ) ಗ್ರೌಟ್‌ಗೂ ಬಾತ್‌ರೂಮ್‌ಗೂ ಇದರಷ್ಟು ಒಳ್ಳೇದು ಇನ್ನೊಂದಿಲ್ಲ. 18 ಎಂಎಂ ಪ್ಲೈ, ಒಂದೂವರೆ ಅಡಿಗೆ ಎರಡು ಅಡಿ. ಅಂಚು, ಮೂಲೆ ಎಲ್ಲ ಸ್ಯಾಂಡ್‌ಪೇಪರ್ ಹಾಕಿ ಉರುಟು ಮಾಡಿ. ಮೇಲೆ 20 ಎಂಎಂ ಇವಿಎ ಶೀಟ್, ಚಪ್ಪಲಿ ಸಾಮಾನು ಮಾರೋ ಅಂಗಡಿಯಲ್ಲಿ ಕೇಳಿದರೆ ಸಿಗುತ್ತೆ, ಹವಾಯಿ ಚಪ್ಪಲಿಗೆ ಬಳಸೋ ಗಡಸಿನದೇ ಸಾಕು. ಫೆವಿಕಾಲ್ ಎಸ್‌ಆರ್ ಥರದ ರಬ್ಬರ್ ಗಮ್ ಪ್ಲೈಗೂ ಶೀಟಿಗೂ ಎರಡಕ್ಕೂ ಹಚ್ಚಿ, ಹತ್ತು-ಹದಿನೈದು ನಿಮಿಷ ಬಿಟ್ಟು, ಬೆರಳಿಗೆ ಅಂಟದಂತಾದ ಮೇಲೆ ಒತ್ತಿ. ಹಸಿಯಾಗಿರುವಾಗಲೇ ಅಂಟಿಸಿದರೆ ಒಳಗೆ ಗಮ್‌ನ ಆವಿ ಸಿಕ್ಕಿ ಗುಳ್ಳೆಯಾಗಿ ವಾರದಲ್ಲಿ ಕಿತ್ತು ಬರುತ್ತೆ. ಪ್ಲೈ ತಳಕ್ಕೆ ತೆಳು ರಬ್ಬರ್ ಮ್ಯಾಟ್ ಅಂಟಿಸಿ, ಅದಿಲ್ಲದಿದ್ದರೆ ಹಲಗೆಯೇ ಟೈಲ್ ಗೀರುತ್ತೆ. ಊರುವಾಗ ಮಂಡಿ, ಕಣಕಾಲು ಹಲಗೆ ಮೇಲೆ, ಪಾದ ಹಿಂದೆ ಹೊರಗೆ ಇಳಿಬಿಟ್ಟಿರಲಿ, ಹಿಮ್ಮಡಿ ಗಂಟಿನ ಬಿಗಿ ತಪ್ಪುತ್ತೆ. ಎಳೆಯೋಕೆ ಒಂದು ತುದಿಗೆ ತೂತು ಮಾಡಿ ಹಗ್ಗ ಹಾಕಿ. ಒಂದು ಎಚ್ಚರ: ಟೈಲ್‌ಗಳನ್ನ ಒಂದೇ ಮಟ್ಟಕ್ಕೆ ಹಿಡಿಯೋ ಲೆವೆಲಿಂಗ್ ಕ್ಲಿಪ್ ಇನ್ನೂ ಒಡೆಯದೆ ಇರೋ ಕಡೆ ಹಲಗೆ ಇಡಬೇಡಿ, ಕ್ಲಿಪ್‌ನ ಬೆಣೆ (ವೆಡ್ಜ್) ಮೇಲೆ ಕೂತು ಅಲುಗಾಡುತ್ತೆ, ಹಸಿ ಮಾಲಿನ ಮೇಲಿನ ಟೈಲ್ ಕದಲುತ್ತೆ. ಹಲಗೆ ಭಾರ ಹರಡುತ್ತೆ ಅಂತ ಆವತ್ತೇ ಕೂರಿಸಿದ ಟೈಲ್ ಮೇಲೆ ಹತ್ತೋದೂ ಬೇಡ, ಅಂಟು ಹಿಡಿಯೋಕೆ ಕನಿಷ್ಠ ಒಂದು ದಿನ ಬಿಡಿ.

ಪ್ಯಾಡ್ ಇದೆ ಅಂತ ಇಡೀ ದಿನ ಮಂಡಿಯೂರೋದು ತಪ್ಪು ಲೆಕ್ಕ. ಮೆತ್ತೆ ಒತ್ತಡ ಹರಡುತ್ತೆ, ಮಡಚಿದ ಕೀಲಿನ ಭಾರ ಕಡಿಮೆ ಮಾಡಲ್ಲ. ಕುಕ್ಕರಗಾಲೂ ಪುಕ್ಕಟೆ ಅಲ್ಲ, ವರ್ಷಗಟ್ಟಲೆ ಮಾಡಿದರೆ ಮಂಡಿ ಸವೆತಕ್ಕೆ ಅದೂ ಕಾರಣ. ನಾಲ್ಕೈದು ಟೈಲ್ ಆದ ಮೇಲೆ ಎದ್ದು ಕಾಲು ನೀಡಿ, ಗ್ರೌಟ್ ಒರೆಸುವಾಗ ಗಿಡ್ಡ ಮಣೆ ಮೇಲೆ ಕೂರಿ. ಮಂಡಿ ಚಿಪ್ಪಿನ ಮುಂದೆ ಮೊಟ್ಟೆಯಂತೆ ನೀರು ತುಂಬಿ ಊದಿದರೆ ಅಲ್ಲಿ ಚರ್ಮಕ್ಕೂ ಮೂಳೆಗೂ ನಡುವೆ ಇರೋ ದ್ರವದ ಚೀಲಕ್ಕೆ (ಬರ್ಸಾ) ಪೆಟ್ಟಾಗಿದೆ ಅಂತ. ಅದು ಇಳಿಯೋವರೆಗೂ ಮಂಡಿ ಊರಬೇಡಿ, ಬಿಸಿ ಎಣ್ಣೆ ಹಾಕಿ ತಿಕ್ಕಿಸಬೇಡಿ, ಡಾಕ್ಟರ್ ಅಲ್ಲದ ಯಾರಿಂದಲೂ ಸೂಜಿ ಚುಚ್ಚಿಸಿ ನೀರು ತೆಗೆಸಬೇಡಿ. ಕೆಂಪಾಗಿ ಬಿಸಿ ಬಂದು ಜ್ವರ ಇದ್ದರೆ ಕೀವಿನ ಸೋಂಕು ಇರಬಹುದು, ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ಶುಗರ್ ಇರೋರಂತೂ ಒಂದು ದಿನವೂ ಕಾಯಬೇಡಿ.

ಕಂಟ್ರಾಕ್ಟರ್‌ಗಳೂ ಈ ಗುಂಪಲ್ಲಿದ್ದೀರಿ, ಕೇಳಿಸಿಕೊಳ್ಳಿ. ಕೂಲಿ ಹುಡುಗರು ಟೈಲ್ ಬಾಕ್ಸ್‌ನ ರಟ್ಟು ಮಡಚಿ ಮಂಡಿ ಕೆಳಗೆ ಹಾಕ್ಕೊಂಡು ಕೆಲಸ ಮಾಡೋದು ನಿಮ್ಮ ಕಣ್ಣಿಗೆ ಬಿದ್ದಿಲ್ಲ ಅಂತ ಹೇಳಬೇಡಿ. ಒಂದೆರಡು ಬಾಕ್ಸ್ ಟೈಲ್ಸ್ ದುಡ್ಡಿಗೆ ಒಂದು ಜೊತೆ ಒಳ್ಳೇ ಪ್ಯಾಡ್ ಬರುತ್ತೆ, ಕೊಡಿಸಿ. ಒಂದೇ ಜೊತೆ ನಾಲ್ಕು ಜನ ಹಂಚಿಕೊಳ್ಳೋದೂ ಬೇಡ, ಬೆವರು, ಗಾಯದ ಸೋಂಕು ಒಬ್ಬರಿಂದ ಒಬ್ಬರಿಗೆ ಹೋಗುತ್ತೆ.

ಎಪಾಕ್ಸಿ ಗ್ರೌಟ್ ಇದ್ದರೆ ಪ್ಯಾಡ್ ಮೇಲೆ ಪ್ಲಾಸ್ಟಿಕ್ ಕವರ್ ಸುತ್ತಿ, ರಬ್ಬರ್‌ಗೆ ಅಂಟಿದ ಎಪಾಕ್ಸಿ ಗಟ್ಟಿಯಾದ ಮೇಲೆ ಬರಲ್ಲ, ಮುಂದಿನ ಕೆಲಸದಲ್ಲಿ ಅದೇ ಟೈಲ್ ಗೀರುತ್ತೆ. ಸಂಜೆ ಪ್ಯಾಡ್‌ನ ಮುಖವನ್ನ ನೀರಲ್ಲಿ ಬ್ರಷ್ ಹಾಕಿ ತೊಳೀರಿ, ಥಿನ್ನರ್, ಪೆಟ್ರೋಲ್ ಮುಟ್ಟಿಸಬೇಡಿ, ಫೋಮ್ ಅಂಟು ಬಿಡುತ್ತೆ. ನೆರಳಲ್ಲಿ ನೇತು ಹಾಕಿ. ಬಿಸಿಲಿಗೆ ಅಥವಾ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟರೆ ಇವಿಎ ಕುಗ್ಗಿ ಬಾಗುತ್ತೆ, ಸಿಮೆಂಟ್ ಮೂಟೆ ಕೆಳಗೆ ಸಿಕ್ಕಿಸಿದರೆ ಚಪ್ಪಟೆಯಾಗಿ ಮತ್ತೆ ಏಳಲ್ಲ. ಬೆಳಿಗ್ಗೆ ಕಟ್ಟೋ ಮೊದಲು ಮಂಡಿ ಕೂರೋ ಜಾಗದಲ್ಲಿ ಗುಳಿ ಉಳಿದಿದೆಯಾ ನೋಡಿ. ರಾತ್ರಿಯೆಲ್ಲ ಬಿಟ್ಟರೂ ಗುಳಿ ಏಳದಿದ್ದರೆ ಮೇಲಿನ ಬಟ್ಟೆ ಎಷ್ಟೇ ಹೊಸದಾಗಿ ಕಂಡರೂ ಒಳಮೆತ್ತೆ ಬದಲಾಯಿಸೋ ಕಾಲ ಬಂತು ಅಂತ.