ಮ್ಯಾರಥಾನ್ ಓಡಿದ್ಮೇಲೆ ಡ್ರಿಪ್ ಹಾಕಿಸ್ಕೋಬೇಕಾ ಡಾಕ್ಟ್ರೇ?

ಈ ಸಲ ಬಂದಿರೋ ಪತ್ರಗಳಲ್ಲಿ ಓಟಗಾರರದ್ದೇ ಜಾಸ್ತಿ, ಅದರಲ್ಲೂ ಡ್ರಿಪ್ ಬಗ್ಗೆ ಕೇಳಿರೋರೇ ಹೆಚ್ಚು, ಅದಕ್ಕೆ ಎಲ್ಲಾನೂ ಒಟ್ಟಿಗೆ ತಗೊಂಡಿದ್ದೀನಿ.

ಪ್ರಶ್ನೆ: ನನಗೆ 41 ವರ್ಷ, ಐಟಿ ಕೆಲಸ. ಮುಂದಿನ ತಿಂಗಳು ನನ್ನ ಮೊದಲ ಫುಲ್ ಮ್ಯಾರಥಾನ್. ನಮ್ಮ ರನ್ನಿಂಗ್ ಗ್ರೂಪಲ್ಲಿ ಕೆಲವರು ರೇಸ್ ಮುಗಿಸಿ ಅವತ್ತೇ ಮನೆಗೆ ನರ್ಸ್ ಕರೆಸಿ ವಿಟಮಿನ್ ಡ್ರಿಪ್ ಹಾಕಿಸ್ಕೊಳ್ತಾರೆ, ಮಾರನೇ ದಿನ ಕಾಲುನೋವೇ ಇರಲ್ಲ ಅಂತಾರೆ. ನಾನೂ ಹಾಕಿಸ್ಕೊಳ್ಲಾ? – ಓದುಗರೊಬ್ಬರು, ಜಯನಗರ, ಬೆಂಗಳೂರು

ಉತ್ತರ: ಬೇಡ. ಆ ಬಾಟ್ಲಿಯೊಳಗೆ ಏನಿದೆ ಅಂತ ಮೊದಲು ನೋಡಿ. ನಾರ್ಮಲ್ ಸಲೈನ್ ಅಂದ್ರೆ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು, ಅರ್ಧ ಲೀಟರ್ ಬಾಟ್ಲಿಯಲ್ಲಿ 4.5 ಗ್ರಾಂ, ಒಂದು ಟೀ ಚಮಚಕ್ಕಿಂತ ಸ್ವಲ್ಪ ಕಮ್ಮಿನೇ. ನಮ್ಮ ಕಡೆ ಸುಸ್ತಾದ್ರೆ ಸಾಕು ‘ಒಂದು ಗ್ಲೂಕೋಸ್ ಏರಿಸಿಬಿಡಿ ಡಾಕ್ಟ್ರೇ’ ಅಂತಾರಲ್ಲ, ಆ 5 ಪರ್ಸೆಂಟ್ ಡೆಕ್ಸ್‌ಟ್ರೋಸ್ ಅರ್ಧ ಲೀಟರಲ್ಲಿ ಇರೋದು 25 ಗ್ರಾಂ ಗ್ಲೂಕೋಸ್, ಒಂದು ಬಾಳೆಹಣ್ಣು ತಿಂದ್ರೆ ಹೆಚ್ಚುಕಮ್ಮಿ ಅಷ್ಟೇ ಶಕ್ತಿ ಸಿಗುತ್ತೆ. ಇನ್ನು ಬಿ ವಿಟಮಿನ್, ಸಿ ವಿಟಮಿನ್ ಎಲ್ಲಾ ನೀರಲ್ಲಿ ಕರಗೋವು, ದೇಹಕ್ಕೆ ಬೇಕಾದಷ್ಟು ಇಟ್ಕೊಂಡು ಮಿಕ್ಕಿದ್ದು ಮೂತ್ರದಲ್ಲಿ ಹೋಗುತ್ತೆ, ಡ್ರಿಪ್ ಆದ್ಮೇಲೆ ಮೂತ್ರ ಗಾಢ ಹಳದಿ ಆಗೋದು ಅದಕ್ಕೇ.

ಕಾಲುನೋವು ಬರೋದು ನೀರು ಕಮ್ಮಿಯಾಗಿ ಅಲ್ಲ. 42 ಕಿಲೋಮೀಟರ್ ಉದ್ದಕ್ಕೂ ಪ್ರತಿ ಹೆಜ್ಜೆಗೂ ತೊಡೆ, ಮೀನಖಂಡದ ಸ್ನಾಯು ಎಳೆಗಳಿಗೆ ಸಣ್ಣ ಸಣ್ಣ ಪೆಟ್ಟು ಬಿದ್ದಿರುತ್ತೆ, ಆ ನೋವು ಒಂದರಿಂದ ಮೂರು ದಿನದೊಳಗೆ ಜೋರಾಗಿ ಆಮೇಲೆ ತಾನಾಗೇ ಇಳಿಯುತ್ತೆ. ಡ್ರಿಪ್ ಹಾಕಿಸ್ಕೊಂಡೋರಿಗೆ ಹಾಯೆನಿಸೋದು ಸುಳ್ಳಲ್ಲ, ಆದ್ರೆ ಅವರು ಒಂದು ಗಂಟೆ ಕಾಲು ಚಾಚಿ ಮಲಗಿರ್ತಾರೆ, ಯಾರೋ ಪಕ್ಕದಲ್ಲಿ ಕೂತು ನೋಡ್ಕೊಂಡಿರ್ತಾರೆ, ಅದರ ಪಾಲೂ ಇದೆ ಅಲ್ವಾ. ಸೂಜಿ ಚುಚ್ಚೋದ್ರಲ್ಲಿ ಇರೋ ಅಪಾಯ ಮಾತ್ರ ನಿಜವಾದ್ದು: ರಕ್ತನಾಳ ಊದ್ಕೊಳ್ಳಬಹುದು, ಸೋಂಕು ತಗಲಬಹುದು, ಅಲರ್ಜಿ ಆಗಬಹುದು, ಬಾಟ್ಲಿಗೆ ಮೆಗ್ನೀಸಿಯಂ ಸೇರಿಸಿ ಬೇಗ ಬೇಗ ಬಿಟ್ರೆ ಬಿಪಿ ಕುಸಿಯುತ್ತೆ. ಆರಾಮಾಗಿ ಕೂತು ಕಾಫಿ ಕುಡೀತಿರೋ ಮನುಷ್ಯನಿಗೆ ಇದೆಲ್ಲ ಯಾಕೆ?

ಬದಲಿಗೆ ಹೀಗೆ ಮಾಡಿ. ಉದ್ದ ಓಟದ ದಿನ ಓಡೋಕೆ ಮುಂಚೆ ತೂಕ ನೋಡಿ, ಬಂದ್ಮೇಲೆ ಬೆವರು ಒರೆಸ್ಕೊಂಡು ಮತ್ತೆ ನೋಡಿ. ಒಂದು ಕೆಜಿ ಇಳಿದಿದ್ರೆ ಸುಮಾರು ಒಂದು ಲೀಟರ್ ನೀರು ಹೋಗಿದೆ ಅಂತ ಲೆಕ್ಕ, ಅದಕ್ಕೆ ಒಂದೂಕಾಲರಿಂದ ಒಂದೂವರೆ ಲೀಟರ್‌ನಷ್ಟು ಮುಂದಿನ ಕೆಲವು ಗಂಟೆಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಕುಡೀರಿ, ಜೊತೆಗೆ ಉಪ್ಪು ಇರೋ ಊಟ ಮಾಡಿ. ಉಪ್ಪು ಹಾಕಿದ ಮಜ್ಜಿಗೆ, ಗಂಜಿ, ಅನ್ನ-ತಿಳಿಸಾರು, ಇವಕ್ಕಿಂತ ಒಳ್ಳೇದು ಏನೂ ಇಲ್ಲ. ಎಳನೀರು ಒಳ್ಳೇದೇ, ಆದ್ರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ ಸೋಡಿಯಂ ಕಮ್ಮಿ, ಬೆವರಲ್ಲಿ ಹೋಗಿರೋದು ಮುಖ್ಯವಾಗಿ ಸೋಡಿಯಂ, ಅದೊಂದನ್ನೇ ನಂಬ್ಕೋಬೇಡಿ. ತುಂಬಾ ಬೆವರೋರು ಓಆರ್‌ಎಸ್ ಕುಡೀಬಹುದು, ಲೀಟರಿಗೆ 2.6 ಗ್ರಾಂ ಉಪ್ಪು 13.5 ಗ್ರಾಂ ಗ್ಲೂಕೋಸ್ ಇರೋ ವಿಶ್ವ ಆರೋಗ್ಯ ಸಂಸ್ಥೆ ಸೂತ್ರದ್ದೇ ಆಗಿರ್ಲಿ. ಉಪ್ಪು ಸಕ್ಕರೆ ಜೊತೆಗಿದ್ರೆ ಕರುಳು ನೀರನ್ನ ಚೆನ್ನಾಗಿ ಎಳ್ಕೊಳ್ಳುತ್ತೆ. 1971ರಲ್ಲಿ ಪಶ್ಚಿಮ ಬಂಗಾಳದ ಬಂಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂದು ಡ್ರಿಪ್ ಬಾಟ್ಲಿಗಳು ಸಾಲದೇ ಹೋದಾಗ ಡಾ. ದಿಲೀಪ್ ಮಹಲನಬಿಸ್ ಡ್ರಮ್ಮುಗಳಲ್ಲಿ ಇದನ್ನೇ ಕಲಸಿ ಕುಡಿಸಿ ಸಾವಿರಾರು ಜೀವ ಉಳಿಸಿದ್ರು. ಕಾಲರಾ ಬಂದೋರಿಗೇ ಬಾಯಿ ಸಾಕಾಗಿತ್ತು, ಓಡಿ ಬಂದಿರೋ ನಿಮಗೆ ಸಾಲಲ್ವಾ?

ಪ್ರಶ್ನೆ: ನಮ್ಮ ಯಜಮಾನ್ರು ಐದೂವರೆ ಗಂಟೆ ಓಡಿ ಮ್ಯಾರಥಾನ್ ಮುಗಿಸಿದ್ರು, ಬಿಸಿಲು ಅಂತ ಪ್ರತಿ ಸ್ಟಾಲಲ್ಲೂ ನಿಂತು ನೀರು ಕುಡಿದಿದ್ರಂತೆ. ಮುಗಿಸಿದ್ಮೇಲೆ ತಲೆನೋವು, ವಾಂತಿ, ನನ್ನನ್ನೇ ಗುರುತು ಹಿಡೀಲಿಲ್ಲ. ಡ್ರಿಪ್ ಹಾಕಿ ಅಂತ ನಾನು ಕೂಗಾಡಿದೆ, ಅಲ್ಲಿದ್ದ ಡಾಕ್ಟ್ರಮ್ಮ ಹಾಕಲೇ ಇಲ್ಲ, ಮೊದಲು ರಕ್ತ ಟೆಸ್ಟ್ ಮಾಡಿದ್ರು, ಸೋಡಿಯಂ 124 ಇತ್ತು. ಈಗ ಹುಷಾರಾಗಿದ್ದಾರೆ. ನೀರು ಕುಡಿದ್ರೆ ಹಿಂಗೂ ಆಗುತ್ತಾ? – ಓದುಗರು, ಮೈಸೂರು

ಉತ್ತರ: ಆಗುತ್ತಮ್ಮ. ಆ ಡಾಕ್ಟ್ರು ಮಾಡಿದ್ದು ನೂರಕ್ಕೆ ನೂರು ಸರಿ, ನಿಮ್ಮ ಯಜಮಾನ್ರ ಜೀವ ಉಳಿದಿರೋದು ಅದರಿಂದಲೇ ಇರಬಹುದು. ರಕ್ತದಲ್ಲಿ ಸೋಡಿಯಂ 135ಕ್ಕಿಂತ ಕೆಳಗೆ ಬಂದ್ರೆ ಕಮ್ಮಿ ಅಂತ. ಅವರಿಗೆ ನೀರು ಕಮ್ಮಿಯಾಗಿರ್ಲಿಲ್ಲ, ಬೆವರಿದ್ದಕ್ಕಿಂತ ಜಾಸ್ತಿ ಕುಡಿದಿದ್ರು, ಇಷ್ಟು ಹೊತ್ತು ಓಡಿದಾಗ ದೇಹ ಮೂತ್ರ ತಡೆಹಿಡಿಯೋ ಹಾರ್ಮೋನ್ ಬಿಡ್ತಾ ಇರುತ್ತೆ, ಹೀಗಾಗಿ ಕುಡಿದ ನೀರು ಹೊರಗೆ ಹೋಗದೆ ರಕ್ತ ತೆಳುವಾಗಿ, ಕೊನೆಗೆ ಮಿದುಳು ಊದ್ಕೊಳ್ಳೋಕೆ ಶುರುವಾಗುತ್ತೆ. ವಾಂತಿ, ಗೊಂದಲ ಎಲ್ಲ ಅದರದ್ದೇ. 2002ರ ಬಾಸ್ಟನ್ ಮ್ಯಾರಥಾನಲ್ಲಿ 488 ಓಟಗಾರರ ರಕ್ತ ಪರೀಕ್ಷೆ ಮಾಡಿದಾಗ ನೂರಕ್ಕೆ 13 ಮಂದಿಗೆ ಸೋಡಿಯಂ ಕಮ್ಮಿ ಇತ್ತು, ಓಡೋಕೆ ಮುಂಚೆಗಿಂತ ತೂಕ ಜಾಸ್ತಿ ಆಗಿದ್ದೋರಲ್ಲಿ, ನಾಲ್ಕು ಗಂಟೆಗಿಂತ ಹೆಚ್ಚು ಓಡಿದೋರಲ್ಲಿ ಇದು ಹೆಚ್ಚಾಗಿ ಕಂಡಿತ್ತು.

ಇಂಥವರಿಗೆ ನಾರ್ಮಲ್ ಸಲೈನ್ ಏರಿಸಿದ್ರೆ ಸೋಡಿಯಂ ಇನ್ನೂ ಇಳಿಯಬಹುದು, ಗ್ಲೂಕೋಸ್ ಬಾಟ್ಲಿಯಂತೂ ಬರೀ ನೀರು ಕೊಟ್ಟ ಹಾಗೆ. ಬೇಕಾಗಿರೋದು ನಾರ್ಮಲ್ ಸಲೈನಿಗಿಂತ ತುಂಬಾ ಉಪ್ಪಾಗಿರೋ 3 ಪರ್ಸೆಂಟ್ ಸಲೈನ್, 100 ಎಂಎಲ್, ವೈದ್ಯರು ಪಕ್ಕದಲ್ಲೇ ನಿಂತು ಕೊಡೋದು. ನಾನು ಹೌಸ್ ಸರ್ಜನ್ ಆಗಿದ್ದಾಗ ಓಟದಲ್ಲಿ ಬಿದ್ದವರಿಗೆಲ್ಲ ಮೊದಲು ಬಾಟ್ಲಿ ನೇತು ಹಾಕೋದೇ ಅಭ್ಯಾಸ ಆಗಿತ್ತು, ನಾನೂ ಹಾಗೇ ಮಾಡಿದ್ದೀನಿ, ಅವರಲ್ಲಿ ಯಾರ ಸೋಡಿಯಂ ಎಷ್ಟಿತ್ತೋ ಅಂತ ನೆನೆಸ್ಕೊಂಡ್ರೆ ಈಗಲೂ ಹೊಟ್ಟೆ ತಳಮಳ ಅನ್ನುತ್ತೆ. ಇನ್ಮೇಲೆ ಬಾಯಾರಿಕೆ ಆದಾಗ ಮಾತ್ರ ಕುಡೀಲಿ ಅವರು, ಓಟದ ದಿನ ಐಬುಪ್ರೊಫೆನ್ ಥರದ ನೋವಿನ ಮಾತ್ರೆ ಬೇಡವೇ ಬೇಡ, ಕಿಡ್ನಿಗೂ ಕೆಟ್ಟದ್ದು, ಈ ಸೋಡಿಯಂ ತೊಂದರೆಗೂ ಕೆಟ್ಟದ್ದು.

ಪ್ರಶ್ನೆ: ಫಿನಿಶ್ ಲೈನ್ ದಾಟಿ ನಿಂತಿದ್ದೇ ತಡ ಕಣ್ಣು ಕತ್ತಲೆ ಬಂದು ಕುಸಿದುಬಿಟ್ಟೆ. ಡಿಹೈಡ್ರೇಷನ್ನಾ? – ಓದುಗರು, ತುಮಕೂರು

ಉತ್ತರ: ಮುಖ್ಯ ಕಾರಣ ಅದಲ್ಲ. ಓಡುವಾಗ ಮೀನಖಂಡಗಳು ಪಂಪಿನ ಹಾಗೆ ರಕ್ತವನ್ನ ಮೇಲಕ್ಕೆ ಒತ್ತುತ್ತಿರ್ತವೆ, ನೀವು ಗಕ್ಕನೆ ನಿಂತ್ರೆ ರಕ್ತ ಕಾಲಲ್ಲೇ ನಿಲ್ಲುತ್ತೆ. ಕಾಲು ಎತ್ತರಿಸಿ ಮಲಗಿದ್ರೆ ಸಾಮಾನ್ಯವಾಗಿ ಕೆಲವೇ ನಿಮಿಷದಲ್ಲಿ ಸರಿಯಾಗುತ್ತೆ. ಮುಂದಿನ ಸಲ ಗೆರೆ ದಾಟಿದ್ಮೇಲೂ ನಡೀತಾ ಇರಿ. ಆದ್ರೆ ಮುಗಿಯೋಕೆ ಮುಂಚೆನೇ ಬಿದ್ರೆ, ಮೈ ಕೆಂಡದಂತಿದ್ದು ಅಸಂಬದ್ಧ ಮಾತಾಡ್ತಿದ್ರೆ ಅದು ಹೀಟ್ ಸ್ಟ್ರೋಕ್ ಇರಬಹುದು, ಒಳಗಿನ ತಾಪ 40 ಡಿಗ್ರಿ ದಾಟಿರುತ್ತೆ, ಆಗ ಡ್ರಿಪ್ಪಿಗೆ ಅಂತ ಕಾಯೋದಲ್ಲ, ಅಲ್ಲೇ ಐಸ್ ನೀರಿನ ಟಬ್ಬಲ್ಲಿ ಕೂರಿಸಿ ಮೊದಲು ತಣ್ಣಗೆ ಮಾಡ್ಬೇಕು, ಆಸ್ಪತ್ರೆ ಆಮೇಲೆ.

ಪ್ರಶ್ನೆ: ಹಾಗಾದ್ರೆ ಡ್ರಿಪ್ ಯಾವಾಗ ಬೇಕು? – ಓದುಗರು, ಹಾಸನ

ಉತ್ತರ: ಕುಡಿದಿದ್ದೆಲ್ಲ ವಾಂತಿ ಆಗಿ ಏನೂ ನಿಲ್ಲದಿದ್ರೆ, ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದ್ರೆ (ಸ್ನಾಯು ಒಡೆದು ಕಿಡ್ನಿಗೆ ಹೊರೆ ಬಿದ್ದಿದೆ ಅಂತ ಅರ್ಥ), ಗಂಟೆಗಟ್ಟಲೆ ಮೂತ್ರವೇ ಬರದಿದ್ರೆ. ಆಗ ಮನೆಗೆ ನರ್ಸ್ ಕರೆಸೋದಲ್ಲ, ನೇರ ಆಸ್ಪತ್ರೆಗೆ ಹೋಗಿ ರಕ್ತ ಟೆಸ್ಟ್ ಮಾಡಿಸಿ.

ಪ್ರಶ್ನೆ: ನಾನು ರಾಜ್ಯ ಮಟ್ಟದಲ್ಲಿ ಓಡೋನು. ಕೋಚ್ ರೇಸ್ ಹಿಂದಿನ ದಿನ ಒಂದು ಬಾಟ್ಲಿ ಏರಿಸ್ಕೋ ಅಂತಾರೆ. ಡೋಪಿಂಗಲ್ಲಿ ಸಿಕ್ಕಿಹಾಕ್ಕೊಳ್ತೀನಾ ಸಾರ್? – ಓದುಗ, ಧಾರವಾಡ

ಉತ್ತರ: ಸಿಕ್ಕಿಹಾಕ್ಕೊಳ್ಬಹುದು ಮಗ. 12 ಗಂಟೆಯೊಳಗೆ 100 ಎಂಎಲ್‌ಗಿಂತ ಹೆಚ್ಚು ದ್ರವ ರಕ್ತನಾಳದ ಮೂಲಕ ತಗೊಳ್ಳೋದನ್ನ ವಾಡಾ (ವಿಶ್ವ ಡೋಪಿಂಗ್ ವಿರೋಧಿ ಸಂಸ್ಥೆ) ನಿಷೇಧಿಸಿದೆ, ಒಳಗಿರೋದು ಬರೀ ಉಪ್ಪುನೀರಾದ್ರೂ ಸರಿ. ಆಸ್ಪತ್ರೆಯ ಚಿಕಿತ್ಸೆ, ಆಪರೇಷನ್, ರೋಗಪತ್ತೆಯ ಪರೀಕ್ಷೆ, ಇವಿಷ್ಟಕ್ಕೇ ರಿಯಾಯಿತಿ. ಬೇರೆ ಕಾರಣಕ್ಕೆ ಬೇಕಿದ್ರೆ ವೈದ್ಯಕೀಯ ವಿನಾಯಿತಿಗೆ ಅರ್ಜಿ ಹಾಕ್ಬೇಕು. ಕೋಚ್ ಹೇಳಿದ್ರು ಅಂದ್ರೆ ಯಾರೂ ಕೇಳಲ್ಲ, ಹೊಣೆ ನಿಂದೇ. ಈ ಪುಟ ಕತ್ತರಿಸ್ಕೊಂಡು ಹೋಗಿ ಅವರಿಗೆ ತೋರಿಸು, ಹಿಂದಿನ ರಾತ್ರಿ ಹೊಟ್ಟೆ ತುಂಬ ಅನ್ನ ತಿಂದು ಬೇಗ ಮಲ್ಕೋ.